ಚಮಚದ ಬೆನ್ನ ಮೇಲಿನ ಹೆಸರು

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಚಮಚದ ಮೂಲವನ್ನು ಕುರಿತು ಅವರು ಏನನ್ನೂ ಹೇಳಿದಂತಿಲ್ಲ. ಕೈಯಲ್ಲಿ ಕಲಸಿ ಉಂಡವರಿಗೆ ಆ ಪ್ರಶ್ನೆಯೇ ಏಳಲಿಲ್ಲವೇನೋ! ಈಗ ಕಾಲ ಬೇರೆ. ಯಾವುದೋ ದೇಶದ, ಯಾವುದೋ ಹೋಟೆಲಿನ ಬೆಳ್ಳಿಲೇಪದ ಟೀ ಪಾತ್ರೆಯನ್ನೋ ಸಕ್ಕರೆ ಬಟ್ಟಲನ್ನೋ ಕೊಂಡು ತಂದು, ಅದನ್ನು ಮಗುಚಿ ಹಾಕಿ, ಭೂತಗಾಜು ಹಿಡಿದು ಅದರ ಕುಲಗೋತ್ರಗಳನ್ನು ವಿಚಾರಿಸುವುದು ಹಲವರಿಗೆ ಹವ್ಯಾಸವಾಗಿದೆ. ನಿರಪಾಯವಾದ ಈ ಹವ್ಯಾಸದಲ್ಲಿ ಒಂದು ನೀತಿಯ ಪ್ರಶ್ನೆಯೂ ಅಡಗಿದೆಯೆಂದು ಈಚೆಗೆ ನನಗೆ ತೋರಿತು. ವಸ್ತುವಿನ ಮೂಲ ತಿಳಿದ ಮಾತ್ರಕ್ಕೆ, ಅದನ್ನು ಇಟ್ಟುಕೊಂಡಿದ್ದವನ ಗುಣ ತಿಳಿದಂತಾಯಿತೇ?

ಹೀಗೆ ತೋರುವುದಕ್ಕೆ ಕಾರಣ ನನ್ನ ಸ್ನೇಹಿತರೊಬ್ಬರು. ಅವರ ತಂದೆಯವರು ಯೌವನದಲ್ಲಿ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು ಓದಿ ಬಂದವರು. ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವರಲ್ಲ, ಕಚೇರಿಯ ಕಾಗದದಲ್ಲಿ ಮನೆಯ ಪತ್ರ ಬರೆದವರಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ, ಪಂಚೆಯ ತುಂಡಿನಲ್ಲಿ ಸುತ್ತಿದ ಆರು ಚಮಚಗಳು ಸಿಕ್ಕವು. ಸೊಸೆ ಅವನ್ನು ವಿಭೂತಿ ಹಚ್ಚಿ ಉಜ್ಜಿದಾಗ, ಬೆನ್ನ ಮೇಲೆ ಲಂಡನ್ನಿನ ಹೋಟೆಲೊಂದರ ಹೆಸರು ಎದ್ದು ಕಂಡಿತು. ಸ್ನೇಹಿತರು ಅವನ್ನು ನನ್ನ ಮುಂದಿಟ್ಟು, ತಗ್ಗಿದ ದನಿಯಲ್ಲಿ, "ಸ್ವಾಮೀ, ನಮ್ಮ ತಂದೆಯವರು ಇದನ್ನ ಎತ್ತಿಕೊಂಡು ಬಂದರು ಅಂತೀರಾ?" ಎಂದು ಕೇಳಿದರು. ಹಾಸ್ಯ ಮಾಡುವಂತಿರಲಿಲ್ಲ, ಅವರ ಮುಖ ಬಾಡಿತ್ತು.

ಉತ್ತರ ಹೇಳುವ ಮೊದಲು ಚಮಚಗಳೇ ಏನು ಹೇಳುತ್ತವೆಂದು ಕೇಳಬೇಕಷ್ಟೆ. ಹೋಟೆಲಿನ ಹೆಸರಿನ ಪಕ್ಕದಲ್ಲಿ ಪುಟ್ಟ ಬಾವುಟವೊಂದರೊಳಗೆ ಎರಡು ಅಕ್ಷರಗಳಿದ್ದವು. ಅದು ಶೆಫೀಲ್ಡಿನ ವಾಕರ್ ಅಂಡ್ ಹಾಲ್ ಕಂಪನಿಯ ಗುರುತು. ಅದರಾಚೆ ಇ.ಪಿ.ಎನ್.ಎಸ್. ಎಂಬ ನಾಲ್ಕಕ್ಷರ: ವಿದ್ಯುತ್ತಿನಿಂದ ಬೆಳ್ಳಿಲೇಪ ಕೊಟ್ಟ ನಿಕಲ್ ಸಿಲ್ವರ್ ಎಂದರ್ಥ. ನಾವು ಜರ್ಮನ್ ಸಿಲ್ವರ್ ಎಂದು ಕರೆಯುವುದು ಇದೇ ನಿಕಲ್ ಸಿಲ್ವರನ್ನು. ತಾಮ್ರ, ನಿಕಲ್, ಸತುಗಳ ಬೆರಕೆ. ಹೆಸರಿನಲ್ಲಿರುವ ಬೆಳ್ಳಿ ಮೈಯಲ್ಲಿ ಎಳ್ಳಷ್ಟೂ ಇಲ್ಲ. ಅದಕ್ಕೆ ಬೆಳ್ಳಿಯ ಹೊದಿಕೆ ಹೊದಿಸುವ ವಿದ್ಯೆಗೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ೧೮೪೦ರಲ್ಲಿ ಪೇಟೆಂಟ್ ಪಡೆದರು. ಆ ಊರಿನವರೇ ಆದ ಜಾನ್ ರೈಟ್ ಎಂಬ ಶಸ್ತ್ರವೈದ್ಯರು ಪೊಟ್ಯಾಸಿಯಂ ಸಯನೈಡ್ ದ್ರಾವಣದಲ್ಲಿ ಬೆಳ್ಳಿ ಚೆನ್ನಾಗಿ ಅಂಟುವುದೆಂದು ಕಂಡುಕೊಂಡಿದ್ದರು. ಎರಡೇ ವರ್ಷದಲ್ಲಿ ಪ್ಯಾರಿಸ್ಸಿನ ಕ್ರಿಸ್ತೋಫ್ಲ್ ಈ ವಿದ್ಯೆಯ ಹಕ್ಕನ್ನು ಫ್ರಾನ್ಸಿಗೆ ಕೊಂಡೊಯ್ದರು. ಅರಮನೆಯ ಮೇಜಿನ ಹೊಳಪು ಹೋಟೆಲಿನ ಮೇಜಿಗೂ ಬಂತು.

ಹಾಗಾದರೆ ಈ ಹೊಳಪು ಒಂದು ಸುಳ್ಳೇ? ಮೇಲುಮುಖ ನೋಡಿದರೆ ಹಾಗೆನ್ನಿಸಬಹುದು. ಆದರೆ ಬೆನ್ನು ತನ್ನ ನಿಜವನ್ನು ತಾನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಸಾವಿರಕ್ಕೆ ೯೨೫ ಭಾಗ ಬೆಳ್ಳಿಯಿರುವ ಅಸಲು ಸಾಮಾನಿಗೆ ಪರೀಕ್ಷಾಲಯದವರು ನಡೆಯುವ ಸಿಂಹದ ಮುದ್ರೆ ಒತ್ತುತ್ತ ಬಂದಿದ್ದಾರೆ. ಲೇಪದ ಸಾಮಾನಿಗೆ ಆ ಸಿಂಹವಿಲ್ಲ. ನಿಜ, ಕೆಲವು ತಯಾರಕರು ತಮ್ಮ ಹೆಸರಿನ ಅಕ್ಷರಗಳನ್ನು ಪುಟ್ಟ ಪುಟ್ಟ ಗುರಾಣಿಗಳೊಳಗೆ ಸಾಲಾಗಿ ಕೂರಿಸಿ, ಅವಸರದಲ್ಲಿ ನೋಡುವವರಿಗೆ ಅಸಲು ಮುದ್ರೆಯೆಂಬ ಭ್ರಮೆ ಹುಟ್ಟುವಂತೆ ಮಾಡುತ್ತಿದ್ದರು. ಸುಳ್ಳಾಡದೆ ಮೋಸ ಮಾಡುವ ಈ ಜಾಣತನ ಚಮಚಕ್ಕೆ ಮಾತ್ರ ಸೇರಿದ್ದಲ್ಲವೆಂದು ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ನಾಲ್ಕಕ್ಷರಗಳನ್ನು ಬಿಚ್ಚಿ ಬರೆದುಕೊಂಡ ಚಮಚವನ್ನು ಸುಳ್ಳುಗಾರ ಎನ್ನಲಾಗದು. ಹೊದ್ದಿರುವುದು ಹೊದಿಕೆಯೆಂದು ಒಪ್ಪಿಕೊಂಡವನಿಗೆ ಒಳ್ಳೆಯ ಹೊದಿಕೆ ಹೊದೆಯುವ ಹಕ್ಕಿದೆ.

ಇನ್ನು ಹೋಟೆಲಿನ ಸಾಮಾನು. ದಿನಕ್ಕೆ ಹಲವು ಸಲ ತೊಳೆಸಿಕೊಂಡು, ಬಡಿಸಿಕೊಂಡು, ಒಂದರ ಮೇಲೊಂದು ಬೀಳುವ ಬಾಳು ಅದರದು. ಆದುದರಿಂದ ಮನೆಬಳಕೆಯದಕ್ಕಿಂತ ಅದು ದಪ್ಪ, ತೂಕ. ಮೇಜಿಗೆ ತಾಗುವ ಚಮಚದ ಹೊಟ್ಟೆ ಬೇಗ ಸವೆಯುವುದರಿಂದ ಒಳ್ಳೆಯ ತಯಾರಕರು ಅಲ್ಲಿ ಬೆಳ್ಳಿಯನ್ನು ಒಂದಿಷ್ಟು ಹೆಚ್ಚಾಗಿಯೇ ಕೂರಿಸುತ್ತಿದ್ದರು. ಜರ್ಮನಿಯ ಚಮಚದ ಮೇಲೆ ೯೦ ಎಂಬ ಅಂಕಿ ಕಂಡರೆ, ಡಜನ್ ಚಮಚ, ಡಜನ್ ಫೋರ್ಕುಗಳಿಗೆ ಒಟ್ಟು ೯೦ ಗ್ರಾಂ ಬೆಳ್ಳಿ ಹಾಕಿದೆಯೆಂದು ತಿಳಿಯಬೇಕು. ಎಲ್ಕಿಂಗ್ಟನ್ ಕಂಪನಿಯವರು ಬಹುಕಾಲ ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದುದರಿಂದ ಅವರ ಸಾಮಾನಿನ ವಯಸ್ಸನ್ನೂ ಹೇಳಬಹುದು. ಇಷ್ಟೆಲ್ಲ ಹೇಳುವ ಗುರುತು ಒಂದು ಕಡೆ ಬಾಯಿ ಮುಚ್ಚಿಕೊಳ್ಳುತ್ತದೆ. ೧೯೧೨ರಲ್ಲಿ ಮುಳುಗಿದ ಟೈಟಾನಿಕ್ ಹಡಗು ವೈಟ್ ಸ್ಟಾರ್ ಕಂಪನಿಯದು. ಆ ಕಂಪನಿಯ ಊಟದ ಸಾಮಾನಿನ ಮೇಲೆ ಸಾಮಾನ್ಯವಾಗಿ ಇರುತ್ತಿದ್ದುದು ಕಂಪನಿಯ ಗುರುತು, ಹಡಗಿನ ಹೆಸರಲ್ಲ. ಒಂದು ಫೋರ್ಕು ಯಾವ ಹಡಗಿನಲ್ಲಿ ತೇಲಿತೆಂದು ಆ ಗುರುತು ಹೇಳದು. ಮಾಡಿದವನು ಯಾರು, ಮೊದಲು ಕೊಂಡವನು ಯಾರು ಎಂಬೆರಡನ್ನು ಹೇಳಿ ಅದು ಸುಮ್ಮನಾಗುತ್ತದೆ. ಅಲ್ಲಿಂದ ನಮ್ಮ ಕೈಗೆ ಬಂದ ದಾರಿಯನ್ನು ಅದು ಕಂಡಿಲ್ಲ.

ಆ ದಾರಿಯನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಕಲ್ಪನೆ ಏಕೋ ಮೊದಲು ಕಳ್ಳತನದ ಕಡೆಗೇ ಓಡುತ್ತದೆ. ಹೋಟೆಲಿನವರು ಹೆಸರು ಒತ್ತಿಸಿದ್ದು ಗಿರಾಕಿಗಳ ಜೇಬಿಗೆ ಹೆದರಿ ಎಂಬುದು ಸುಳ್ಳಲ್ಲ. ಆದರೆ ಹೋಟೆಲುಗಳೂ ಮುಚ್ಚುತ್ತವೆ, ಸಾಮಾನು ಹರಾಜಾಗುತ್ತದೆ. ಅದೇ ಶೆಫೀಲ್ಡಿನಲ್ಲಿ ೧೯೧೩ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಮೇಲೆ, ಉಜ್ಜುವ ಕಷ್ಟವಿಲ್ಲದ ಸ್ಟೀಲು ಮೆಲ್ಲಮೆಲ್ಲಗೆ ಬೆಳ್ಳಿಲೇಪವನ್ನು ಮೇಜಿನಿಂದ ಇಳಿಸಿತು. ಬೇಡವಾದದ್ದನ್ನು ಡಜನ್ನುಗಟ್ಟಲೆ ಮಾರಿದವರು ಹೋಟೆಲಿನವರೇ. ಹೆಸರು ಇದ್ದಲ್ಲೇ ಇತ್ತು, ಒಡೆತನ ಬದಲಾಗಿತ್ತು.

ಇದನ್ನು ತಿಳಿಯಲು ಲಂಡನ್ನಿಗೆ ಹೋಗಬೇಕಿಲ್ಲ. ನಮ್ಮ ಅಡುಗೆಮನೆಯ ಸ್ಟೀಲು ಪಾತ್ರೆಗಳನ್ನೇ ತಿರುಗಿಸಿ ನೋಡಿ. ಅಂಗಡಿಯವನು ಗರ್ರೆನ್ನುವ ಯಂತ್ರದಿಂದ ಕೊರೆದ ಹೆಸರುಗಳಲ್ಲಿ ನಮ್ಮವೆಷ್ಟು? ಒಂದರ ಮೇಲೆ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಇನ್ನೊಂದರ ಮೇಲೆ ಅಜ್ಜಿಯ ಹೆಸರು. ಮೂರನೆಯದು ಪಕ್ಕದ ಮನೆಯವರದು. ಹುಳಿ ತುಂಬಿಕೊಂಡು ಬಂದದ್ದು, ಬರಿಗೈಯಲ್ಲಿ ಹಿಂದಿರುಗಿಸಬಾರದೆಂದು ಒಳ್ಳೆಯ ದಿನ ಕಾಯುತ್ತ ಇಲ್ಲೇ ಉಳಿದದ್ದು. ಈ ಹೆಸರುಗಳನ್ನು ಓದಿ ಯಾರೂ ನಮ್ಮನ್ನು ಕಳ್ಳರೆನ್ನುವುದಿಲ್ಲ, ಏಕೆಂದರೆ ಆ ದಾರಿಗಳೆಲ್ಲ ಕಣ್ಣ ಮುಂದಿವೆ. ದಾರಿ ತಿಳಿದ ಕಡೆ ನಾವು ಉದಾರಿಗಳು, ತಿಳಿಯದ ಕಡೆ ಪೊಲೀಸರು.

ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟೆ: ಚಮಚಗಳು ನಿಮ್ಮ ತಂದೆಯವರ ಮೇಲೆ ಸಾಕ್ಷಿ ಹೇಳಲಾರವು, ಅವರ ಪರವಾಗಿಯೂ ಹೇಳಲಾರವು. ಅವರ ಪರವಾಗಿ ಹೇಳುವುದು ಅವರು ಬಾಳಿದ ಬಾಳು. ಅದನ್ನು ಹತ್ತಿರದಿಂದ ಕಂಡ ನೀವು ಆರು ಚಮಚಗಳ ಮಾತಿಗೆ ಅದಕ್ಕಿಂತ ಹೆಚ್ಚು ಬೆಲೆ ಕೊಡುವುದು ನ್ಯಾಯವಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಕ್ಕಸಾಲಿಗರಿಗೆ ಕೊಟ್ಟು ಹೆಸರನ್ನು ಉಜ್ಜಿಸಿಬಿಡಲೇ?" ಎಂದರು. ಕೂಡದೆಂದೆ. ಹಾಗೆ ಉಜ್ಜಿಸಿದವರುಂಟು, ಇಡೀ ವ್ಯವಹಾರದಲ್ಲಿ ನಿಸ್ಸಂದೇಹವಾಗಿ ಸುಳ್ಳಾಗುವ ಕೆಲಸ ಅದೊಂದೇ. ಕಳವಿನದೆಂದು ಖಚಿತವಾಗಿ ತಿಳಿದಿದ್ದರೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಯಾರೂ ಉಳಿದಿಲ್ಲವಾದರೆ ಕಥೆಯನ್ನಾದರೂ ಮುಚ್ಚಿಡದೆ ಹೇಳಬೇಕು. ತಿಳಿಯದಿದ್ದರೆ ಹೆಸರನ್ನು ಹಾಗೆಯೇ ಬಿಟ್ಟು, ಕೇಳಿದವರಿಗೆ "ತಿಳಿಯದು" ಎನ್ನಬೇಕು.

ಮೂಲವನ್ನು ಹುಡುಕಬಾರದೆಂಬ ಹಿರಿಯರ ಮಾತಿಗೆ ನಾನು ಒಂದು ತಿದ್ದುಪಡಿ ಸೂಚಿಸುತ್ತೇನೆ. ಧಾರಾಳವಾಗಿ ಹುಡುಕೋಣ, ಹುಡುಕಾಟ ನಿಂತ ಜಾಗದಲ್ಲಿ ತೀರ್ಪನ್ನೂ ನಿಲ್ಲಿಸೋಣ. ವಸ್ತುವಿಗೆ ಇಷ್ಟು ಮರ್ಯಾದೆ ಸಲ್ಲುವುದಾದರೆ, ಮಾತನಾಡಿ ತಮ್ಮನ್ನು ಸಮರ್ಥಿಸಿಕೊಳ್ಳಲಾರದ ಹಿರಿಯರಿಗೆ ಅದಕ್ಕಿಂತ ಕಡಿಮೆ ಸಲ್ಲಬಾರದು.