ಹಾಲಿನ ಗಾಡಿಯ ಫಲಕ

ಹಕ್ಕಿಗಾಗಿ ಕೆಲಸ ನಿಲ್ಲಿಸಿದವರು, ಅದರಿಂದ ತೊಂದರೆ ಪಡುವ ನಿರಪರಾಧಿಗಳಿಗೆ ಏನು ಉತ್ತರ ಹೇಳಬೇಕು? ಮುಷ್ಕರದ ಮಾತು ಬಂದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯಿದು.

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿ 1919ರ ಮೇ 15ರಂದು ಸಾರ್ವತ್ರಿಕ ಮುಷ್ಕರ ಶುರುವಾಯಿತು. ಯುದ್ಧದಿಂದ ಬೆಲೆಗಳು ಏರಿದ್ದವು, ಕೂಲಿ ಸಾಲುತ್ತಿರಲಿಲ್ಲ. ಬೆಳಿಗ್ಗೆ 7ಕ್ಕೇ ಮೊದಲು ಹೊರಬಂದವರು ಟೆಲಿಫೋನ್ ಆಪರೇಟರ್ ಹೆಣ್ಣುಮಕ್ಕಳು. ಅವರ ಹಿಂದೆ ಸುಮಾರು 30,000 ಜನ ಕೆಲಸ ಬಿಟ್ಟರು.

ಆದರೆ ಮಕ್ಕಳಿಗೆ ಹಾಲು? ಹಾಲು, ಬ್ರೆಡ್ಡಿನ ಗಾಡಿಗಳು ಓಡಾಡಲೆಂದು ಮುಷ್ಕರ ಸಮಿತಿ ಒಪ್ಪಿತು. ತನ್ನ ಅನುಮತಿಯಿದೆ ಎಂಬ ಫಲಕವನ್ನೂ ಕೊಟ್ಟಿತು. ಹೆಲೆನ್ ಆರ್ಮ್‌ಸ್ಟ್ರಾಂಗ್ ಎಂಬಾಕೆ ಮುಷ್ಕರ ಹೂಡಿದ ಹೆಂಗಸರಿಗೆ ಉಚಿತ ಊಟ ಹಾಕಿಸಿದಳು. ವಿರೋಧಿಗಳು ಮಾತ್ರ ಆ ಫಲಕವನ್ನೇ ತೋರಿಸಿ, ಇವರು ಸರ್ಕಾರವನ್ನೇ ಕಸಿಯಹೊರಟಿದ್ದಾರೆ ಎಂದರು. ಜೂನ್ 21ರ ಗೋಲಿಬಾರಿನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. 26ಕ್ಕೆ ಮುಷ್ಕರ ಮುಗಿಯಿತು.

ಮುನಿಸಿಕೊಂಡ ತಾಯಿಯೂ ಮಗುವಿಗೆ ಉಣಿಸದೆ ಮಲಗುವುದಿಲ್ಲ. ಏನನ್ನು ನಿಲ್ಲಿಸಬಾರದೆಂಬ ವಿವೇಕವಿದ್ದರೆ ಪ್ರತಿಭಟನೆಗೆ ಧರ್ಮದ ಬಲ ಬರುತ್ತದೆ ಎಂದು ನನ್ನ ನಂಬಿಕೆ. ಆದರೆ ಉಣಿಸಿದಳಲ್ಲ, ಇನ್ನೇನು ಎಂದು ಆಕೆಯ ಮಾತಿಗೆ ಕಿವಿಗೊಡದಿರುವುದು ಯಾವ ನ್ಯಾಯ? ಹಾಲು ನಿಂತಾಗ ಕೇಳುವ ಪ್ರಶ್ನೆಯನ್ನು ನಾವು ಕೂಲಿ ಸಾಲದಾದಾಗಲೇ ಕೇಳಬೇಕಿತ್ತು.