ಗಾಜುರೆಕ್ಕೆಯ ಪತಂಗವೂ ದಂಡನೆಯ ವಿಚಾರವೂ

ಮನೆಯಂಗಳದಲ್ಲಿ ಗಂಧರಾಜದ ಗಿಡವನ್ನು ಬೆಳೆಸಿದವರಿಗೆ ಒಂದು ಸಂಗತಿ ಪರಿಚಿತವಾಗಿರುವುದು. ಸೊಂಪಾಗಿದ್ದ ಚಿಗುರು ಒಂದೆರಡು ದಿನಗಳಲ್ಲಿ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಎಲೆಯ ಬಣ್ಣವನ್ನೇ ಹೊದ್ದ, ಬಾಲದ ತುದಿಯಲ್ಲಿ ಕೊಂಬೊಂದನ್ನುಳ್ಳ ದಪ್ಪ ಹಸುರು ಹುಳುವಿನ ಕೆಲಸವದು. ಕಾಫಿಯ ಗಿಡವೂ ಗಂಧರಾಜದ ಕುಲಕ್ಕೇ ಸೇರಿದುದಾದುದರಿಂದ ಅದರ ಎಲೆಯನ್ನೂ ಈ ಹುಳು ಬಿಡುವುದಿಲ್ಲ. ಬಲಿತ ಮೇಲೆ ಗಿಡದಿಂದಿಳಿದು, ಕೋಶಾವಸ್ಥೆಯನ್ನು ಕಳೆದು, ಪತಂಗವಾಗಿ ಹೊರಬರುತ್ತದೆ. ಲಿನೇಯಸ್ ಪಂಡಿತನು 1771ರಲ್ಲಿ ಇದಕ್ಕೆ ಹೈಲಸ್ ಎಂಬ ಹೆಸರನ್ನಿಟ್ಟನು.

ಆ ಪತಂಗವನ್ನು ನೋಡಬೇಕು! ಹುಟ್ಟಿದೊಡನೆ ಅದರ ರೆಕ್ಕೆಯ ಮೇಲೆ ಬೂದುಬಣ್ಣದ ನವುರಾದ ಹುಡಿಯಿರುತ್ತದೆ. ಮೊದಲ ಹಾರಾಟದಲ್ಲಿಯೇ ಆ ಹುಡಿಯೆಲ್ಲ ಉದುರಿಹೋಗಿ, ಕರಿಯ ನರಗಳ ನಡುವೆ ಗಾಜಿನಂತೆ ತಿಳಿಯಾದ ರೆಕ್ಕೆ ಮಾತ್ರ ಉಳಿಯುತ್ತದೆ. ನಮ್ಮ ಕವಿಗಳ ಪತಂಗವು ರಾತ್ರಿ ದೀಪಕ್ಕೆ ಬಿದ್ದು ಸಾಯತಕ್ಕದ್ದು. ಇದಾದರೋ ಹಾಡುಹಗಲಿನಲ್ಲಿ ಹೂವಿನ ಮುಂದೆ, ಕುಳಿತುಕೊಳ್ಳದೆ, ಗಾಳಿಯಲ್ಲಿಯೇ ನಿಂತು ಮಕರಂದವನ್ನು ಹೀರುವುದು. ಕಂಡವರು ದುಂಬಿಯೆಂದು ಭ್ರಮಿಸಿ ಒಂದು ಹೆಜ್ಜೆ ಹಿಂದೆ ಸರಿಯುವರು. ವಾಸ್ತವದಲ್ಲಿ ಇದಕ್ಕೆ ಕೊಂಡಿಯಿಲ್ಲ, ವಿಷವಿಲ್ಲ.

ತಿಳಿರೆಕ್ಕೆಯ ಪತಂಗಗಳ ಬೇರೊಂದು ವಂಶವೇ ಇದೆ. ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಜಾತಿಗಳಿದ್ದು, ಹೆಚ್ಚಿನವು ಕಣಜವನ್ನೋ ಜೇನನ್ನೋ ಹೋಲುತ್ತವೆ. ನಮ್ಮ ಪಡವಲಬಳ್ಳಿಯ ಕಾಂಡವನ್ನು ಕೊರೆದು ಗಂಟೆಬ್ಬಿಸುವ ಹುಳು ಈ ವಂಶದ್ದು. ನಿರಪಾಯವಾದ ಜೀವಿಗಳು ಅಪಾಯಕರವಾದವುಗಳ ರೂಪವನ್ನು ಹೋಲುವುದರಿಂದ ಹಕ್ಕಿಗಳ ಬಾಯಿಂದ ಪಾರಾಗುತ್ತವೆಂಬ ತತ್ತ್ವದ ತಳಹದಿಯನ್ನು, ಅಮೆಜಾನ್ ಕಾಡುಗಳಲ್ಲಿ ಹನ್ನೊಂದು ವರ್ಷ ಕಳೆದ ಬೇಟ್ಸ್ ಎಂಬ ಆಂಗ್ಲ ವಿದ್ವಾಂಸನು 1862ರಲ್ಲಿ ಹಾಕಿದನು.

ಇಷ್ಟು ತಿಳಿದೊಡನೆ ತೋಟದ ಯಜಮಾನನ ಬಾಯಲ್ಲಿ ತೀರ್ಪು ಸಿದ್ಧವಾಗುತ್ತದೆ: “ಹುಳುವು ಕಳ್ಳ, ಪತಂಗವು ವೇಷಧಾರಿ, ಎರಡನ್ನೂ ಕೊಲ್ಲುವುದೇ ನ್ಯಾಯ.” ಕೊಲ್ಲುವ ವಿಷಯವನ್ನು ಆಮೇಲೆ ನೋಡೋಣ. ನನ್ನ ತಕರಾರಿರುವುದು ‘ನ್ಯಾಯ’ ಎಂಬ ಮಾತಿನಲ್ಲಿ. ಕಳ್ಳನೆನಿಸಬೇಕಾದರೆ ಇದು ಪರರ ಸ್ವತ್ತೆಂಬ ಅರಿವಿರಬೇಕು; ಬಿಡುವ ಶಕ್ತಿಯೂ ಇರಬೇಕು. ಗಂಧರಾಜದ ಎಲೆಗೆ ಬೇಲಿ ಹಾಕಿದವರಾರೆಂಬುದು ಹುಳುವಿಗೇನು ಗೊತ್ತು? ವೇಷವೆಂದರೆ ಹಾಕಿಕೊಂಡದ್ದನ್ನು ತೆಗೆದಿಡಲೂ ಬರುವಂಥದು. ಈ ಪತಂಗವು ಹಾಕಿಕೊಂಡುದು ಏನೂ ಇಲ್ಲ. ಇದ್ದ ಹುಡಿಯನ್ನೂ ಉದುರಿಸಿಕೊಂಡಿದೆ. ಎಲೆ ತಿಂದ ಹುಳುವೂ ಜೇನು ಕುಡಿಯುವ ಪತಂಗವೂ ಒಂದೇ ಜೀವವೇ ಎಂದು ತಾರ್ಕಿಕರು ಬೇಕಾದರೆ ವಾದಿಸಲಿ. ಹೌದೆಂದರೂ ಅಲ್ಲವೆಂದರೂ ನನ್ನ ಮಾತಿಗೆ ಬಾಧಕವಿಲ್ಲ.

ಸ್ಮೃತಿಕಾರರು ಈ ವಿಷಯದಲ್ಲಿ ನಮಗಿಂತ ನೇರವಾಗಿ ಮಾತನಾಡಿರುವರು. ಗೃಹಸ್ಥನ ಮನೆಯಲ್ಲಿ ಐದು ವಧಾಸ್ಥಾನಗಳಿರುತ್ತವೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಎಣಿಸುತ್ತದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ. ಇವನ್ನು ಬಿಡೆಂದು ಅಲ್ಲಿ ಹೇಳಿಲ್ಲ. ಬಿಟ್ಟು ಬದುಕುವುದು ಹೇಗೆ? ಆದರೆ ಗಮನಿಸಬೇಕಾದುದು ಇದು: ಒಲೆಯಲ್ಲಿ ಬೆಂದ ಇರುವೆಯನ್ನು ಅಪರಾಧಿಯೆಂದು ಅಲ್ಲಿ ಕರೆದಿಲ್ಲ. ಕೊಂದ ಲೆಕ್ಕವು ಗೃಹಸ್ಥನ ಹೆಸರಿನಲ್ಲಿಯೇ ಬರೆಯಲ್ಪಟ್ಟಿದೆ. ನಿತ್ಯವೂ ಪಂಚಮಹಾಯಜ್ಞಗಳ ಮೂಲಕ ತೀರಿಸತಕ್ಕ ಸಾಲವದು. ಆ ಐದರ ಜೊತೆಗೆ ತೋಟದ ಕತ್ತರಿಯನ್ನೂ ಔಷಧದ ಡಬ್ಬಿಯನ್ನೂ ಸೇರಿಸಿದರೆ ಮನುವು ಬೇಡವೆನ್ನುತ್ತಿರಲಿಲ್ಲವೆಂದು ನನ್ನ ಎಣಿಕೆ.

“ಹೇಗಾದರೂ ಹುಳು ಸಾಯುವುದಷ್ಟೆ! ನ್ಯಾಯವೆಂದು ಕೊಂದರೇನು, ಅವಶ್ಯಕವೆಂದು ಕೊಂದರೇನು?” ಎಂದು ಪ್ರಾಜ್ಞರು ಕೇಳಬಹುದು. ಭೇದವು ಹುಳುವಿಗಿಲ್ಲ, ದಿಟ, ಕೊಲ್ಲುವವನಿಗುಂಟು. ಅವಶ್ಯಕತೆಗೆ ಒಂದು ಮೇರೆಯಿದೆ: ಗಿಡ ಉಳಿದರೆ ಕೈ ನಿಲ್ಲುತ್ತದೆ. ದಂಡನೆಗೆ ಕೋಪವು ಜೊತೆಗಾರನಾಗಿ ಬರುವುದರಿಂದ ಆ ಮೇರೆ ಕಾಣದು. ತಿಳಿರೆಕ್ಕೆಯದೆಲ್ಲವೂ ವೈರಿಯೆಂದು ಬಟ್ಟೆ ಬೀಸುವವನ ಕೈಗೆ ಮೊದಲು ಸಿಕ್ಕುವುದು ನಿಜವಾದ ದುಂಬಿ; ಹೂವಿನಿಂದ ಹೂವಿಗೆ ಪರಾಗವನ್ನೊಯ್ದು ಅವನ ತೋಟದಲ್ಲಿಯೇ ಕಾಯಿ ಕಚ್ಚಿಸುವ ಜೀವಿ. ಗಿಡವನ್ನೆಲ್ಲ ವಿಷದಲ್ಲಿ ತೋಯಿಸುವವನಂತೂ ಸಾಕ್ಷಿಯನ್ನೂ ಅಪರಾಧಿಯನ್ನೂ ಒಂದೇ ಗಲ್ಲಿಗೇರಿಸಿದಂತಾಯಿತು. ಮೊಟ್ಟೆಯಿಡುವುದು ಪತಂಗವೇ ಅಲ್ಲವೆ ಎಂದರೆ, ಅಹುದು. ಆದರೆ ಹಾರುವುದನ್ನು ಹೊಡೆಯುವುದಕ್ಕಿಂತ ಎಲೆಯನ್ನು ಮಗುಚಿ ನೋಡುವುದು ಸುಲಭ.

ಬೆಳಗ್ಗೆ ಗಂಧರಾಜದ ಬುಡದಲ್ಲಿ ಕರಿಯ ಕಾಳಿನಂತಹ ಹಿಕ್ಕೆ ಬಿದ್ದಿದ್ದರೆ ನೇರ ಮೇಲಿನ ಕೊಂಬೆಯಲ್ಲಿ ಹುಳುವಿದೆಯೆಂದು ತಿಳಿಯಬೇಕು. ಕೈಯಿಂದಲೇ ಬಿಡಿಸಿ ತೆಗೆಯಬಹುದು. ಕೊಂಬಿಗೆ ಹೆದರಬೇಕಾದುದಿಲ್ಲ, ಅದು ಚುಚ್ಚುವುದಿಲ್ಲ. ಪಡವಲಬಳ್ಳಿಯಲ್ಲಿ ಗಂಟು ಕಂಡರೆ ಆ ಭಾಗವನ್ನಷ್ಟೇ ಕೊಯ್ದು ಸುಟ್ಟರೆ ಸಾಕು, ಬಳ್ಳಿಯನ್ನೇ ಕೀಳಬೇಕಾಗಿಲ್ಲ. ಹೂವಿನ ಮುಂದೆ ನಿಂತು ಝೇಂಕರಿಸುತ್ತಿರುವುದು ಪತಂಗವಾಗಲಿ ದುಂಬಿಯಾಗಲಿ, ಅದರ ಪಾಡಿಗೆ ಅದಿರಲಿ.