ಮೃದ್ವಂಗಿ ಕಂಡ ಬೀದಿ

ಕಡಲಿನ ತಳದಲ್ಲಿ ಬೀಸಣಿಗೆಯಾಕಾರದ ಎರಡು ಚಿಪ್ಪುಗಳ ನಡುವೆ ಬಾಳುವ ಸ್ಕ್ಯಾಲಪ್ ಎಂಬ ಮೃದ್ವಂಗಿಗೆ ನಕ್ಷತ್ರಮೀನು ಪರಮವೈರಿ. ಆದರೂ ಆ ವೈರಿ ಮಗ್ಗುಲಲ್ಲಿಯೇ ನಿಶ್ಚಲವಾಗಿ ಬಿದ್ದಿರುವವರೆಗೆ ಇದಕ್ಕೆ ಅದರ ಇರವೇ ತಿಳಿಯದು. ನಕ್ಷತ್ರಮೀನು ತನ್ನ ಸಹಜ ಮಂದಗತಿಯಿಂದ ಕದಲತೊಡಗಿದೊಡನೆ ಸ್ಕ್ಯಾಲಪ್ ತನ್ನ ನೀಳವಾದ ಸ್ಪರ್ಶಾಂಗಗಳನ್ನು ಹೊರಚಾಚಿ, ನೀರಿನಲ್ಲಿ ಬೆರೆತು ಬಂದ ಗಂಧವನ್ನು ಗ್ರಹಿಸಿ, ಚಿಪ್ಪುಗಳನ್ನು ಪಟಪಟನೆ ಬಡಿಯುತ್ತ ಈಜಿ ಪಾರಾಗುತ್ತದೆ. ವೈರಿಯ ರೂಪವಾಗಲಿ ವರ್ಣವಾಗಲಿ ಅದರ ಲೆಕ್ಕಕ್ಕೆ ಬಾರದು.

ಹೀಗೆಂದು ವಿವರಿಸಿದವನು, 1864ರಲ್ಲಿ ಎಸ್ಟೋನಿಯಾದಲ್ಲಿ ಜನಿಸಿ, ನೇಪಲ್ಸ್ ನಗರದ ಪ್ರಾಣಿಶಾಸ್ತ್ರಕೇಂದ್ರದಲ್ಲಿ ಕಡಲಜೀವಿಗಳನ್ನು ಪರೀಕ್ಷಿಸುತ್ತ ತತ್ತ್ವಜಿಜ್ಞಾಸೆಗೆ ತೊಡಗಿದ ಯಾಕೋಬ್ ಫಾನ್ ಯುಕ್ಸ್‌ಕ್ಯುಲ್. ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯಗಳಿಗೆ ಗೋಚರವಾಗಿ ತನ್ನ ಕ್ರಿಯೆಗೆ ಒದಗುವ ಕುರುಹುಗಳಿಂದಲೇ ಹೆಣೆದುಕೊಂಡ ಒಂದು ಸ್ವಕೀಯ ಲೋಕದಲ್ಲಿ ಬಾಳುತ್ತದೆಂಬುದು ಅವನ ಸಿದ್ಧಾಂತ. ಆ ಲೋಕವನ್ನು ಅವನು ‘ಉಮ್‌ವೆಲ್ಟ್’ ಎಂದು ಕರೆದನು. ಅರಿವಿಗೆ ಆಕಾರ ಕೊಡುವುದು ಅರಿಯುವವನ ಮನಸ್ಸೇ ಎಂಬ ತತ್ತ್ವಜ್ಞಾನಿ ಕಾಂಟನ ವಿಚಾರವನ್ನು ಅವನು ಹುಳುಹುಪ್ಪಟೆಗಳವರೆಗೂ ವಿಸ್ತರಿಸಿದನೆನ್ನಬಹುದು. 1934ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ, ಗೆಯೋರ್ಗ್ ಕ್ರಿಸ್ಸಾಟ್ ಎಂಬವನ ಚಿತ್ರಗಳ ನೆರವಿನಿಂದ, ಒಂದೇ ಹಳ್ಳಿಯ ಬೀದಿ ಮನುಷ್ಯನಿಗೆ ಹೇಗೆ, ನೊಣಕ್ಕೆ ಹೇಗೆ, ಮೃದ್ವಂಗಿಗೆ ಹೇಗೆ ಕಂಡೀತೆಂಬುದನ್ನು ಅವನು ತೋರಿಸಿರುವನು; ಕೊನೆಯ ಚಿತ್ರದಲ್ಲಿ ಮನೆ, ಕಿಟಕಿ, ದಾರಿಗಳೆಲ್ಲ ಅಳಿದು ಬೆಳಕುಕತ್ತಲೆಗಳ ಕೆಲವು ತೇಪೆಗಳಷ್ಟೇ ಉಳಿದಿವೆ. ಸಾಹಸವೇನೋ ಮೆಚ್ಚತಕ್ಕದ್ದೇ, ಆದರೆ ಆ ಚಿತ್ರವನ್ನು ನೋಡುವ ಕಣ್ಣು ಮನುಷ್ಯನದೇ ಆದ್ದರಿಂದ, ನಮಗೆ ಮಬ್ಬೆನಿಸುವುದು ಮೃದ್ವಂಗಿಗೂ ಮಬ್ಬೆನಿಸೀತೆಂದು ತಿಳಿಯಲು ಆಧಾರವಿಲ್ಲ. ಅದೂ ಅಲ್ಲದೆ, ಸ್ಕ್ಯಾಲಪ್ಪಿನ ಅಂಚಿನಲ್ಲಿ ಇನ್ನೂರರವರೆಗೂ ಕಣ್ಣುಗಳಿದ್ದು, ಅವುಗಳಲ್ಲಿ ಬಿಂಬ ಮೂಡಿಸುವುದು ಗ್ವಾನಿನ್ ಹರಳುಗಳಿಂದಾದ ಪುಟ್ಟ ಕನ್ನಡಿಯೆಂದು ಅನಂತರದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ನಾದದ ವಿಷಯದಲ್ಲಿಯೂ ಇದೇ ತೊಡಕು. ಜಲಧ್ವನಿಗ್ರಾಹಕಗಳಿಂದ ಸೆರೆಹಿಡಿದ ಹಂಪ್‌ಬ್ಯಾಕ್ ತಿಮಿಂಗಿಲಗಳ ಹಾಡನ್ನು ಜೀವವಿಜ್ಞಾನಿ ರೋಜರ್ ಪೇನ್ 1970ರಲ್ಲಿ ಧ್ವನಿಮುದ್ರಿಕೆಯಾಗಿ ಹೊರತಂದಾಗ ಜನ ಬೆರಗಾದರು. ತಿಮಿಂಗಿಲಬೇಟೆಯ ವಿರುದ್ಧ ಲೋಕಾಭಿಪ್ರಾಯ ಬಲಿಯುವುದಕ್ಕೂ ಅದು ನೆರವಾಯಿತು. ಹಂಪ್‌ಬ್ಯಾಕಿನ ಹಾಡು ನಮ್ಮ ಕಿವಿಗೆ ನೇರವಾಗಿ ಎಟುಕತಕ್ಕದ್ದು. ಫಿನ್ ತಿಮಿಂಗಿಲದ ಕರೆಯಾದರೋ ಸೆಕೆಂಡಿಗೆ ಸುಮಾರು 20 ಕಂಪನಗಳಷ್ಟು ತಗ್ಗಿನದಾದ ಕಾರಣ, ಅದನ್ನು ಸ್ಪಷ್ಟವಾಗಿ ಕೇಳಿಸಬೇಕಾದರೆ ಹಲವು ಪಟ್ಟು ವೇಗದಲ್ಲಿ ನುಡಿಸಬೇಕಾಗುತ್ತದೆ. ಹಾಗೆ ನುಡಿಸಿದಾಗ ಹೊರಡುವುದು ಯಾವ ಫಿನ್ ತಿಮಿಂಗಿಲವೂ ಹಾಡಿರದ ನಾದ. ಕಲೆಯೂ ಯಂತ್ರವೂ ನಮ್ಮ ಲೋಕವನ್ನು ಹಿಗ್ಗಿಸಿಯಾವೇ ಹೊರತು ಇನ್ನೊಂದರೊಳಕ್ಕೆ ಕರೆದೊಯ್ಯಲಾರವೆಂದು ನನ್ನ ಎಣಿಕೆ. ಇಂತಹ ಮುದ್ರಿಕೆಗಳಿಗೆ ಕಿವಿಗೊಡುವವರು, ಧ್ವನಿಯನ್ನು ಎಷ್ಟು ಪಟ್ಟು ವೇಗಗೊಳಿಸಿದೆಯೆಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಲೇಸು.